ಮನೆ ಸರ್ವರ್ ಲಾಗ್: ಪ್ಯಾಚ್ ಬಂತು ಸರಿ, ಓಡುತ್ತಿರುವುದು ಹಳೇದೋ ಹೊಸದೋ?

ಮಣಿಪಾಲದ ಹತ್ತಿರ ನಮ್ಮ ಮನೆಯಲ್ಲಿರುವ ಸರ್ವರ್ ಈಗ ತನ್ನ ಪಾಡಿಗೆ ತಾನು ಸೆಕ್ಯೂರಿಟಿ ಅಪ್‌ಡೇಟ್ ಹಾಕಿಕೊಳ್ಳುತ್ತಿದೆ. ಸರ್ವರ್ ಅಂದರೆ ದೊಡ್ಡದೇನಲ್ಲ. ಹಳೇ ಡೆಸ್ಕ್‌ಟಾಪ್, ಅದರಲ್ಲಿ ಡೆಬಿಯನ್ 12 ಅನ್ನುವ ಲಿನಕ್ಸ್, ಮತ್ತೆ ದೊಡ್ಡಪ್ಪನ ಯಕ್ಷಗಾನ ಕ್ಯಾಸೆಟ್‌ಗಳಿಂದ ಇಳಿಸಿದ ಆಡಿಯೊ. ಮುಂಬೈಯ ನೆಂಟರೂ ಕೇಳುವುದರಿಂದ ವೆಬ್ ಪೋರ್ಟ್ ಮತ್ತು ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುವ ದಾರಿ) ಹೊರಗಿನವರಿಗೆ ಕಾಣುತ್ತವೆ. ಲಾಗ್ ತೆರೆದರೆ ಸಾಕು, ರೂಟ್, ಅಡ್ಮಿನ್, ಟೆಸ್ಟ್ ಅಂತ ಯಾರ್ಯಾರೋ ಲಾಗಿನ್ ಆಗಲು ನೋಡಿದ್ದು ಸಾಲುಸಾಲಾಗಿ ಸಿಗುತ್ತದೆ. ಪಾಸ್‌ವರ್ಡ್ ಲಾಗಿನ್ ಬಂದ್ ಮಾಡಿ ಕೀ (ಪಾಸ್‌ವರ್ಡ್ ಬದಲಿಗೆ ಬಳಸುವ ಗುಟ್ಟಿನ ಫೈಲ್) ಮಾತ್ರ ಇಟ್ಟಿದ್ದೇನೆ.

"ಕೆಲಸ ಮಾಡ್ತಾ ಉಂಟಲ್ಲ, ಮತ್ತೆಂತಕ್ಕೆ ಕೈ ಹಾಕುದು ಮಾರಾಯ?" ಇದು ದೊಡ್ಡಪ್ಪನ ಪ್ರಶ್ನೆ.

ಕೀ ಇಟ್ಟರೂ ಸಾಲದು ಅನ್ನುವುದಕ್ಕೆ 2024ರ ಜುಲೈಯಲ್ಲಿ ಹೊರಬಂದ ಓಪನ್‌ಎಸ್‌ಎಸ್‌ಎಚ್ (ಎಸ್‌ಎಸ್‌ಎಚ್ ನಡೆಸುವ ಪ್ರೋಗ್ರಾಂ) ತೂತೇ ಉತ್ತರ. 2006ರಲ್ಲಿ ಮುಚ್ಚಿದ್ದದ್ದು ಮುಂದೆ ಕೋಡ್ ಬದಲಿಸುವಾಗ ಮತ್ತೆ ತೆರೆದುಕೊಂಡಿತ್ತು. ಲಾಗಿನ್ ಆಗುವ ಮೊದಲೇ ಒಳಗೆ ನುಗ್ಗುವ ದಾರಿ ಅದು. ಮೂಲ ತಂಡ ಅದನ್ನು 9.8ಪಿ1ರಲ್ಲಿ ಸರಿಪಡಿಸಿತು. ಡೆಬಿಯನ್ 12ರಲ್ಲಿ ನೋಡಿದರೆ ಇವತ್ತಿಗೂ 9.2ಪಿ1 ಅಂತಲೇ ಇದೆ! ಹೊಸಬರು ಇಲ್ಲಿ ಗಾಬರಿಯಾಗುವುದು ಸಹಜ. ಡೆಬಿಯನ್‌ನವರು ವರ್ಷನ್ ಬದಲಿಸದೆ ತಿದ್ದುಪಡಿಯನ್ನು ಮಾತ್ರ ಹಳೇದಕ್ಕೆ ತಂದು ಸೇರಿಸುತ್ತಾರೆ. ಹಾಗಾಗಿ ನೋಡಬೇಕಾದ್ದು ವರ್ಷನ್ ನಂಬರಿನ ಬಾಲವನ್ನು. 'ಡೆಬ್12ಯು3' ಅಥವಾ ಅದಕ್ಕಿಂತ ಮೇಲಿನದು ಇದ್ದರೆ ಆ ತೂತು ಮುಚ್ಚಿದೆ.

ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್ (ಅಪ್‌ಡೇಟ್‌ಗಳನ್ನು ತಾನೇ ಹಾಕುವ ಪ್ಯಾಕೇಜ್) ಹಾಕುವುದು ಸುಲಭ, ಅದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಬೆಳಿಗ್ಗೆ 6ರಿಂದ 7ರೊಳಗೆ ಯಾವಾಗಲಾದರೂ ಓಡುತ್ತದೆ. ಆ ಹೊತ್ತಿಗೆ ಮೆಷಿನ್ ಆಫ್ ಇದ್ದರೆ ಆನ್ ಆದ ಮೇಲೆ ಓಡುತ್ತದೆ. ಗುಡುಗು ಬಂತೆಂದರೆ ಪ್ಲಗ್ಗು ಕೀಳುವ ನಮ್ಮೂರಿಗೆ ಇದು ಬೇಕೇ ಬೇಕು.

ನನ್ನ ತಲೆ ತಿಂದದ್ದು ಅದರ ನಂತರದ ಭಾಗ. ಪ್ಯಾಚ್ ಬಂದು ಡಿಸ್ಕಿನಲ್ಲಿ ಕೂತ ಮಾತ್ರಕ್ಕೆ ಅದು ಓಡುತ್ತಿದೆ ಎಂದಲ್ಲ. ವೆಬ್ ಪುಟ ಕೊಡುವ ಎಂಜಿನ್‌ಎಕ್ಸ್ ಶುರುವಾಗುವಾಗ, ಗೂಢಲಿಪಿಯ ಕೆಲಸ ಮಾಡುವ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯನ್ನು ಮೆಮೊರಿಗೆ ಎಳೆದುಕೊಂಡಿರುತ್ತದೆ. ಪ್ಯಾಕೇಜ್ ಹಾಕುವ ಆಪ್ಟ್ ಹೊಸ ಫೈಲ್ ತಂದಿಟ್ಟು ಹಳೇದನ್ನು ಅಳಿಸಿದರೂ, ಎಂಜಿನ್‌ಎಕ್ಸ್ ಹಿಡಿದುಕೊಂಡಿರುವ ತನಕ ಲಿನಕ್ಸ್ ಆ ಹಳೇ ಫೈಲನ್ನು ನಿಜವಾಗಿ ಬಿಟ್ಟುಕೊಡುವುದಿಲ್ಲ. ಹೆಸರು ಹೋಗಿರುತ್ತದೆ, ಒಳಗಿನದ್ದು ಬದುಕಿರುತ್ತದೆ. ಆಪ್ಟ್ ಪ್ರಕಾರ ಎಲ್ಲ ಹೊಸದು, ಹೊರಗಿನಿಂದ ಬಂದವನಿಗೆ ಸಿಗುವುದು ಹಳೇ ತೂತೇ.

ಇದನ್ನು ಹಿಡಿಯಲು ನೀಡ್‌ರೀಸ್ಟಾರ್ಟ್ ಅನ್ನುವ ಪುಟ್ಟ ಪ್ಯಾಕೇಜ್ ಇದೆ. ಹಾಕಿ ಓಡಿಸಿದ ಕೂಡಲೇ ರೀಸ್ಟಾರ್ಟ್ ಆಗಬೇಕಾದ ಸರ್ವಿಸ್‌ಗಳ ಪಟ್ಟಿ ಮುಂದಿಟ್ಟಿತು. ಎಂಜಿನ್‌ಎಕ್ಸ್ ಅದರಲ್ಲಿತ್ತು. ಕೆಳಗೆ ಇನ್ನೊಂದು ಸಾಲು: ಕರ್ನಲ್ (ಲಿನಕ್ಸಿನ ತಿರುಳು) ಹೊಸದು ಬಂದಿದೆ, ಓಡುತ್ತಿರುವುದು ಹಳೇದು. ಸರ್ವಿಸ್‌ಗಳನ್ನು ಅಲ್ಲೇ ರೀಸ್ಟಾರ್ಟ್ ಮಾಡಿದೆ. ಕರ್ನಲ್ಲಿಗೆ ಮಾತ್ರ ರೀಬೂಟ್ ಬೇಕು.

ರೀಬೂಟ್ ಎಷ್ಟು ಹೊತ್ತಿಗೆ? ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್‌ನ ಕಾನ್ಫಿಗ್ ಫೈಲಿನಲ್ಲಿ ಉದಾಹರಣೆಗೆ ಅಂತ ಕೊಟ್ಟಿರುವುದು ರಾತ್ರಿ 2 ಗಂಟೆ. ಎಲ್ಲರೂ ಮಲಗಿರುವ ಹೊತ್ತು ಅಂತ ಲೆಕ್ಕ. ನಮ್ಮ ಮನೆಗೆ ಆ ಲೆಕ್ಕ ಆಗುವುದಿಲ್ಲ. ದೊಡ್ಡಪ್ಪನಿಗೆ ನಿದ್ದೆ ಕಡಿಮೆ. ರಾತ್ರಿ ಆಟದ ರೆಕಾರ್ಡಿಂಗ್ ರಾತ್ರಿಯೇ ಕೇಳಬೇಕು ಅನ್ನುವ ಜಾತಿ ಅವರದ್ದು. 2 ಗಂಟೆ ಅಂದರೆ ಪ್ರಸಂಗ ರಂಗೇರುವ ಹೊತ್ತು. ಆಗ ಚೆಂಡೆ ನಿಂತುಹೋದರೆ ನನ್ನ ಕಥೆ ಮುಗಿಯಿತು. ಹಾಗಾಗಿ ಮಧ್ಯಾಹ್ನ 2:30ಕ್ಕೆ ಇಟ್ಟಿದ್ದೇನೆ. ಊಟ ಮುಗಿಸಿ ಅವರು ಮಲಗಿರುತ್ತಾರೆ, ಮುಂಬೈಯವರು ಆಫೀಸಿನಲ್ಲಿ. ಹಗಲಿಗೆ ಇಟ್ಟರೆ ಇನ್ನೊಂದು ಲಾಭ: ಮೆಷಿನ್ ಏಳದಿದ್ದರೆ ಎದುರಿಗೆ ಕೂತು ನೋಡಬಹುದು. ಮನೆ ಸರ್ವರ್‌ಗೆ ಹಗಲೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ.

ಬಾಕಿ ಇರುವುದು ಡಾಕರ್, ಅಂದರೆ ಪ್ರೋಗ್ರಾಂಗಳನ್ನು ಕಂಟೇನರ್ ಅನ್ನುವ ಬೇರೆ ಬೇರೆ ಡಬ್ಬಿಗಳಲ್ಲಿ ಓಡಿಸುವ ವ್ಯವಸ್ಥೆ. ಆಡಿಯೊ ಕೇಳಿಸುವ ಜೆಲ್ಲಿಫಿನ್ ಇರುವುದು ಅದರೊಳಗೆ, ಆಪ್ಟ್‌ನ ಕೈ ಅಲ್ಲಿಗೆ ತಲುಪುವುದಿಲ್ಲ. ಹೊಸ ಇಮೇಜ್ (ಕಂಟೇನರಿನ ಅಚ್ಚು) ಪುಲ್ ಮಾಡಿ, ಅಂದರೆ ಇಳಿಸಿಕೊಂಡು, ಕಂಟೇನರನ್ನು ಹೊಸದಾಗಿ ಎಬ್ಬಿಸಬೇಕು. ಇದನ್ನು ಆಟೊಮ್ಯಾಟಿಕ್ ಮಾಡಲು ಸದ್ಯಕ್ಕೆ ಮನಸ್ಸಿಲ್ಲ. ಡೇಟಾಬೇಸ್ ಬ್ಯಾಕಪ್ ತೆಗೆದು, ಬಿಡುಗಡೆ ಟಿಪ್ಪಣಿ ಓದಿ, ಭಾನುವಾರ ಕೈಯಾರೆ ಮಾಡುತ್ತೇನೆ. ಇನ್ನೊಂದು ವಿಷಯ: ಡಾಕರ್ ತೆರೆದ ಪೋರ್ಟ್ ಯುಎಫ್‌ಡಬ್ಲ್ಯೂ ಫೈರ್‌ವಾಲಿನ ನಿಯಮಕ್ಕೆ ಸಿಗದೆ ಹೊರಗಿನವರಿಗೆ ಕಾಣಿಸಿಬಿಡುತ್ತದೆ. ಅದಕ್ಕೆ ಪೋರ್ಟನ್ನು 127.0.0.1ಕ್ಕೆ (ಈ ಮೆಷಿನ್ನಿನ ಒಳಗೆ ಮಾತ್ರ ಸಿಗುವ ವಿಳಾಸ) ಕಟ್ಟಿ, ಮುಂದೆ ಎಂಜಿನ್‌ಎಕ್ಸ್ ಕೂರಿಸಿದ್ದೇನೆ.

ಡೆಬಿಯನ್ 13 ಬಂದದ್ದು 2025ರ ಆಗಸ್ಟಿನಲ್ಲಿ. 2023ರಲ್ಲಿ ಬಂದ 12ರ ಮಾಮೂಲಿ ಬೆಂಬಲ ಮೂರು ವರ್ಷ, ಆಮೇಲೆ ಎರಡು ವರ್ಷ ಎಲ್‌ಟಿಎಸ್, ಅಂದರೆ ದೀರ್ಘಾವಧಿ ಬೆಂಬಲ, ಹಾಗಾಗಿ 2028ರ ತನಕ ಹೇಗೋ ನಡೆಯುತ್ತದೆ. ಅಷ್ಟು ಕಾಯುವುದಿಲ್ಲ. ಕರೆಂಟು ನೆಟ್ಟಗಿರುವ ಕಾಲ ನೋಡಿ ಏರಿಸುತ್ತೇನೆ. ಅದಕ್ಕೆ ಮೊದಲು ರೆಕಾರ್ಡಿಂಗ್‌ಗಳ ಇನ್ನೊಂದು ಕಾಪಿಗೆ ಹಾರ್ಡ್ ಡಿಸ್ಕ್ ತರಬೇಕು.