ತಣ್ಣೀರಿನಲ್ಲಿ ತೊಳೆದ ಶಾವಿಗೆ

7 ಜುಲೈ 2024, ಭಾನುವಾರ
ಒಸಾಕಾ

ಬೆಳಿಗ್ಗೆಯಿಂದ ಮೈಗೆ ಅಂಟುವ ಸೆಕೆ. ಒಲೆ ಮುಂದೆ ಹತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದು ಬೇಡ ಅನಿಸಿತ್ತು. ಇವತ್ತು ತನಾಬಾತಾ ಹಬ್ಬ ಬೇರೆ. ನೇಯುವ ಹುಡುಗಿ ಒರಿಹಿಮೆ, ದನ ಕಾಯುವ ಹಿಕೊಬೊಶಿ ಇಬ್ಬರೂ ವರ್ಷಕ್ಕೊಮ್ಮೆ ಆಕಾಶಗಂಗೆ ದಾಟಿ ಸೇರುವ ದಿನ. ನಮಗೆ ಆ ಎರಡು ನಕ್ಷತ್ರ ಅಭಿಜಿತ್ ಮತ್ತು ಶ್ರವಣ. ಈ ದಿನ ಸೋಮೆನ್, ಅಂದರೆ ಗೋಧಿ ಹಿಟ್ಟಿನ ಸಣ್ಣ ಶಾವಿಗೆ, ತಿನ್ನುವ ರೂಢಿ ಇಲ್ಲಿ ಹಳೆಯದು. ನೂಲಿನಂಥ ಬಿಳಿ ಎಳೆಗಳನ್ನು ಕೆಲವರು ಒರಿಹಿಮೆಯ ದಾರ ಅನ್ನುತ್ತಾರೆ, ಕೆಲವರು ಆಕಾಶಗಂಗೆ ಅನ್ನುತ್ತಾರೆ.

ಎಳೆಗಳನ್ನು ಅದ್ದಿ ತಿನ್ನುವ ರಸ ತ್ಸುಯು. ಅದರ ಕೆಲಸ ನಿನ್ನೆ ರಾತ್ರಿಯೇ ಶುರುವಾಗಿತ್ತು. ಅಂಗಡಿಯ ಬಾಟಲಿ ತ್ಸುಯು ತಂದರೆ ಕೆಲಸ ಸುಲಭ, ಆದರೆ ಹೆಚ್ಚಿನವುಗಳಲ್ಲಿ ಒಣಮೀನಿನ ಸಾರ ಇರುತ್ತದೆ. ನಮ್ಮಂಥ ಸಸ್ಯಾಹಾರಿಗಳು ಮನೆಯಲ್ಲೇ ಮಾಡಿಕೊಳ್ಳಬೇಕು, ಮತ್ತು ಮನೆಯದೇ ರುಚಿ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಅರ್ಧ ಲೀಟರ್ ತಣ್ಣೀರಿಗೆ ಅಂಗೈಯಗಲ ಕೊಂಬು, ಅಂದರೆ ಒಣಗಿಸಿದ ಕಡಲಪಾಚಿ, ಜೊತೆಗೆ ನಾಲ್ಕು ಒಣ ಶಿಟಾಕೆ ಅಣಬೆ ಹಾಕಿ ಫ್ರಿಜ್ಜಿನಲ್ಲಿಟ್ಟೆ. ಬೆಳಿಗ್ಗೆ ನೀರು ತಿಳಿ ಚಹಾದ ಬಣ್ಣಕ್ಕೆ ಬಂದಿತ್ತು. ಟೋಕಿಯೊದ ಪ್ರಾಧ್ಯಾಪಕ ಕಿಕುನಾಯೆ ಇಕೆದಾ 1908ರಲ್ಲಿ ಗ್ಲುಟಮೇಟ್ ಎಂಬ ವಸ್ತು ಬೇರ್ಪಡಿಸಿ ಅದರ ರುಚಿಗೆ ಉಮಾಮಿ ಎಂದು ಹೆಸರಿಟ್ಟದ್ದು ಇದೇ ಕೊಂಬುವಿನ ಸಾರಿನಿಂದ. ಒಣ ಅಣಬೆಯಲ್ಲಿರುವುದು ಗ್ವಾನಿಲೇಟ್, ಅದೇ ಬಗೆಯ ರುಚಿ ಕೊಡುವ ಇನ್ನೊಂದು ವಸ್ತು. ಎರಡೂ ಕೂಡಿದಾಗ ರುಚಿ ಬರೀ ಕೂಡುವುದಿಲ್ಲ, ಹಲವು ಪಟ್ಟು ಏರುತ್ತದೆ. ಮೀನಿಲ್ಲದೆಯೂ ಈ ರಸ ಸಪ್ಪೆಯಾಗದಿರಲು ಅದೇ ಕಾರಣ.

100 ಮಿಲಿ ಮಿರಿನ್, ಅಂದರೆ ಅಡುಗೆಗೆ ಬಳಸುವ ಸಿಹಿ ಅಕ್ಕಿ ಮದ್ಯ, ಮೊದಲು ಕುದಿಸಿ ಅದರ ಮದ್ಯದ ಘಾಟು ಹೋಗುವಂತೆ ಮಾಡಿದೆ. ಆಮೇಲೆ ಅಷ್ಟೇ ಸೋಯಾ ಸಾಸ್, ನಾಲ್ಕು ಪಟ್ಟು ಸಾರಿನ ನೀರು. ಒಂದು ಕುದಿ ಬರಿಸಿ ಇಳಿಸಿ, ಆರಿದ ಮೇಲೆ ಮತ್ತೆ ಫ್ರಿಜ್ಜಿಗೆ. ನೆನೆದ ಅಣಬೆಯನ್ನು ಎಸೆಯಬಾರದು. ತೆಳ್ಳಗೆ ಹೆಚ್ಚಿ, ಸ್ವಲ್ಪ ಸಕ್ಕರೆ, ಸೋಯಾ ಹಾಕಿ ಬತ್ತಿಸಿದರೆ ಅದೇ ಪಲ್ಯ.

ಸೋಮೆನ್ ಮಿವಾದ್ದು. ಹೋದ ಚಳಿಗಾಲ ನಾರಾ ಪ್ರಾಂತ್ಯದ ಸಕುರಾಯಿಗೆ ಹೋಗಿದ್ದೆ, ಮಿವಾ ಬೆಟ್ಟದ ಬುಡದ ಊರು. ಮನೆ ಮುಂದಿನ ಬಿಸಿಲಿನಲ್ಲಿ ಆಳೆತ್ತರದ ಚೌಕಟ್ಟುಗಳಿಂದ ಎಳೆಗಳು ಇಳಿಬಿದ್ದಿದ್ದವು, ಬಿಳಿ ಪರದೆಯ ಹಾಗೆ. ಒಬ್ಬ ಹೆಂಗಸು ಉದ್ದದ ಕೋಲು ತೂರಿಸಿ ಅಂಟಿದ ಎಳೆಗಳನ್ನು ಬಿಡಿಸುತ್ತಿದ್ದರು. ನಾನು ಅಲ್ಲೇ ನಿಂತುಬಿಟ್ಟೆ. ಬೇಸಿಗೆ ರಜೆಯಲ್ಲಿ ಧಾರವಾಡದ ಅಟ್ಟದ ಮೇಲೆ ಅಜ್ಜಿ ಹೊಸೆದ ಶಾವಿಗೆ ಕೋಲಿನಿಂದ ತೂಗುತ್ತಿದ್ದದ್ದು ಹೀಗೇ. ನಮ್ಮಲ್ಲಿ ಬೇಸಿಗೆಯ ಕೆಲಸ, ಇವರಲ್ಲಿ ಚಳಿಗಾಲದ್ದು. ಚಳಿಗಾಲದ ಒಣ ಗಾಳಿಯೇ ಇವರಿಗೆ ಬೇಕು. ಹಿಟ್ಟಿಗೆ ಉಪ್ಪು ಹಾಕಿ, ಎಳೆಗೆ ಎಣ್ಣೆ ಸವರಿ, ಎಳೆದು ಎಳೆದು ಸಣ್ಣ ಮಾಡುತ್ತಾರೆ.

ಕಾಗದದ ಪಟ್ಟಿ ಸುತ್ತಿದ 50 ಗ್ರಾಮಿನ ಕಟ್ಟುಗಳು. ಎರಡು ಬಿಚ್ಚಿ ಕುದಿಯುವ ನೀರಿಗೆ ಬಿಟ್ಟೆ. ನೀರಿಗೆ ಉಪ್ಪು ಬೇಡ. ಒಂದೂವರೆ ನಿಮಿಷ, ಅಷ್ಟೇ.

ಮೊದಲ ವರ್ಷ ನಾನು ಬಸಿದು ನೇರ ತಟ್ಟೆಗೆ ಹಾಕಿದ್ದೆ. ಉಪ್ಪುಪ್ಪು, ಮುದ್ದೆ, ಹಳೆ ಎಣ್ಣೆಯ ವಾಸನೆ. ಇಲ್ಲಿನ ತಿನಿಸೇ ಹೀಗೆ ಎಂದುಕೊಂಡು ಎರಡು ಬೇಸಿಗೆ ಮುಟ್ಟಲಿಲ್ಲ. ಪಕ್ಕದ ಮನೆಯ ಅಜ್ಜಿ ಒಂದು ದಿನ ನನ್ನ ಕೈ ಹಿಡಿದು ನಲ್ಲಿಯ ಕೆಳಗಿಟ್ಟು ತೋರಿಸಿದರು: ಮೊಮಿಅರಾಯಿ. ಬಟ್ಟೆ ತಿಕ್ಕಿದ ಹಾಗೆ ಎರಡೂ ಕೈಯಲ್ಲಿ ಉಜ್ಜಿ ಉಜ್ಜಿ ತೊಳೆಯಬೇಕು. ಇಷ್ಟು ಸಣ್ಣ ಎಳೆ ತುಂಡಾಗುತ್ತದೆಂದು ಹೆದರಿದ್ದೆ, ಆಗಲಿಲ್ಲ. ಗಂಜಿ, ಉಪ್ಪು, ಎಣ್ಣೆ ಎಲ್ಲ ಹೋಗಿ ಕೈಗೆ ಜಾರುವ ನುಣುಪು ಹೋದ ಮೇಲೆ ಎಳೆ ಗಟ್ಟಿಯಾಗುತ್ತದೆ. ಕೊನೆಗೆ ಮಂಜುಗಡ್ಡೆ ನೀರು.

ಇವತ್ತು ಅದನ್ನೇ ಮಾಡುತ್ತಿದ್ದಾಗ ಅವ್ವನ ವೀಡಿಯೊ ಕರೆ.

"ಶ್ಯಾವಿಗಿ ತಣ್ಣೀರಾಗ ತೊಳಿತಿಯೇನವಾ? ಅದರ ಜೀವ ಹೋಗ್ತದಲ್ಲ!"

"ಇದಕ್ಕ ಜೀವ ಬರೂದ ತಣ್ಣೀರಾಗ, ಅವ್ವಾ."

ಬಿದಿರಿನ ಜಾಲರಿಯ ಮೇಲೆ ಬೆರಳಿಗೆ ಸುತ್ತಿ ಸುತ್ತಿ ಪುಟ್ಟ ಸುರುಳಿಗಳನ್ನಿಟ್ಟೆ. ತುರಿದ ಶುಂಠಿ, ಈರುಳ್ಳಿ ಸೊಪ್ಪು, ಹುರಿದ ಎಳ್ಳು, ಮ್ಯೋಗಾ. ಮ್ಯೋಗಾ ಶುಂಠಿಯ ಬಳಗದ ಮೊಗ್ಗು, ಸಣ್ಣಗೆ ಹೆಚ್ಚಿದರೆ ಮೂಗಿಗೇ ತಂಪು. ಪುಟ್ಟ ಬಟ್ಟಲಿನ ರಸಕ್ಕೆ ಎಳೆಗಳನ್ನು ಅದ್ದಿ ಹೀರಬೇಕು. ಸುರಿದುಕೊಂಡು ಕಲಸಿದರೆ ರಸ ನೀರಾಗುತ್ತದೆ.

ಅವ್ವ ನೋಡುತ್ತಲೇ ಇದ್ದಳು. "ಸಪ್ಪಳಾ ಭಾರಿ ಮಾಡ್ತಿ," ಅಂದಳು. ಇಲ್ಲಿ ಸಪ್ಪಳ ಮಾಡಿ ಹೀರಿದರೆ ತಪ್ಪಲ್ಲ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮವ್ವ ಇದ್ದಿದ್ರ ಆ ಎಳಿ ನೋಡಿ ಭಾಳ ಖುಷಿ ಪಡ್ತಿದ್ಲು. ಎಷ್ಟ ಸಣ್ಣ ಅದಾವ!" ಅಂದಳು. ಆಮೇಲೆ, "ಇನ್ನೊಂದು ಕಟ್ಟು ಉಳದದ ಏನು? ಚೊಲೋ ತೊಳದು ಹಾಲು, ಬೆಲ್ಲ, ತುಪ್ಪ ಹಾಕಿ ನೋಡು."

ಡಬ್ಬಿಯಲ್ಲಿ ಮೂರು ಕಟ್ಟು ಇವೆ. ಬೆಲ್ಲವೂ ಇದೆ. ನಾಳೆ ಬೆಳಿಗ್ಗೆ ಮಾಡಿ ಅವ್ವನಿಗೆ ಫೋಟೊ ಕಳಿಸಬೇಕು.