ಹೋಗದಿದ್ದರೆ ಸೀಟು ಹೋಗುತ್ತದೆಯೇ?

ಹೋಗುವುದಿಲ್ಲ. ಕಾಲೇಜಿನವರು ಕರೆಯುವ ಸ್ವಾಗತ ಕಾರ್ಯಕ್ರಮಕ್ಕೆ ಹೋಗದಿದ್ದರೂ ಸಿಕ್ಕ ಸೀಟು ಉಳಿಯುತ್ತದೆ. ಅವಸರವಿದ್ದವರು ಇಲ್ಲಿಗೇ ನಿಲ್ಲಿಸಬಹುದು. ಪುರಸೊತ್ತಿದ್ದವರು ಮುಂದೆ ಓದಿ.

ಶಿರಸಿಯ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಝೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿಯ ಅಂಗಡಿಯಿದೆ. ಪಹಣಿ, ವಿದ್ಯಾರ್ಥಿವೇತನದ ಅರ್ಜಿ, ಪಾಸ್‌ಪೋರ್ಟ್ ಅಳತೆಯ ಫೋಟೋ, ಇವೆಲ್ಲ ವರ್ಷವಿಡೀ ನಡೆಯುತ್ತವೆ. ಮಳೆಗಾಲ ಹಿಡಿಯಿತೆಂದರೆ ಇಂಜಿನಿಯರಿಂಗ್ ಮುಂತಾದ ಓದಿಗೆ ಸೇರಲು ಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದ ಮಕ್ಕಳು ಬರತೊಡಗುತ್ತಾರೆ. ಅವರ ಹಿಂದೆ ಅಪ್ಪ, ಅಮ್ಮ, ಕೆಲವೊಮ್ಮೆ ಬೆಂಗಳೂರಿನಲ್ಲಿ ಕೆಲಸ ಮಾಡುವ ಸೋದರಮಾವ ಫೋನಿನಲ್ಲಿ. ಸೀಟು ಗೊತ್ತಾಗಿ, ದುಡ್ಡು ಕಟ್ಟಿ, ಅಬ್ಬ ಮುಗಿಯಿತು ಎನ್ನುವಷ್ಟರಲ್ಲಿ ಕಾಲೇಜಿನಿಂದ ಮೊಬೈಲಿಗೆ ಬಣ್ಣಬಣ್ಣದ ಕರೆಯೋಲೆ ಬರುತ್ತದೆ. ಪ್ರವೇಶ ಪಡೆದ ವಿದ್ಯಾರ್ಥಿಗಳಿಗೂ ಪಾಲಕರಿಗೂ ಇಂಥ ಶನಿವಾರ ಸ್ವಾಗತ ಕಾರ್ಯಕ್ರಮ, ಕ್ಯಾಂಪಸ್ ದರ್ಶನ, ಮಧ್ಯಾಹ್ನ ಊಟ, ಬರುವವರು ಹೆಸರು ನೋಂದಾಯಿಸಿಕೊಳ್ಳಬೇಕು. ಆ ಮೊಬೈಲು ನನ್ನ ಮೇಜಿನ ಮೇಲೆ ಬಂದು ಕೂರುತ್ತದೆ. "ತಂಗೀ, ಇದಕ್ಕೆ ಹೋಗಬೇಕೇ? ಹೋಗದಿದ್ದರೆ ಸೀಟು ಹೋಗುತ್ತದೆಯೇ?"

ಹಿಂದೆಲ್ಲ ತಾಳ್ಮೆಯಿಂದ ಹೇಳುತ್ತಿದ್ದೆ. ಈಗ ಹೇಳಿ ಹೇಳಿ ಗಂಟಲು ಕಟ್ಟಿದೆ. ಹೊರಗೆ ಮಳೆ, ಒಳಗೆ ಒದ್ದೆ ಕೊಡೆಗಳ ಸಾಲು, ಸರ್ವರ್ ಅರ್ಧಕ್ಕೆ ನಿಂತಿದೆ, ಅದರ ನಡುವೆ ಈ ಪ್ರಶ್ನೆ.

ಪ್ರಶ್ನೆಗಿಂತ ಅದನ್ನು ಕೇಳುವ ರೀತಿಯೇ ನನಗೆ ರೇಗಿಸುವುದು. ಹೋದರೆ ಏನು ಪ್ರಯೋಜನ ಎಂದು ಯಾರೂ ಕೇಳುವುದಿಲ್ಲ. ಹೋಗದಿದ್ದರೆ ಏನು ಶಿಕ್ಷೆ ಎಂದು ಕೇಳುತ್ತಾರೆ. ಲಕ್ಷ ಲಕ್ಷ ಎಣಿಸಿ ಕೊಡುವವರು ಇವರು, ಹೆದರುವವರೂ ಇವರೇ. ಎರಡನೆಯ ಬಗೆಯವರು "ಪಕ್ಕದ ಮನೆಯವರು ಹೋಗುತ್ತಾರಂತೆ" ಎನ್ನುತ್ತಾರೆ. ಹಾಗಾದರೆ ಪಕ್ಕದ ಮನೆಯವರನ್ನೇ ಕೇಳಿ. ಮೂರನೆಯ ಬಗೆಯವರು ಅಪಾಯಕಾರಿಗಳು: "ನೀವು ಹೇಳಿದರೆ ಹೋಗುತ್ತೇವೆ." ಅಂದರೆ ಘಟ್ಟದಲ್ಲಿ ಬಸ್ಸು ಕೆಟ್ಟರೂ, ಅಲ್ಲಿಯ ಊಟ ಸಪ್ಪೆಯಾದರೂ ಹೊಣೆ ನನ್ನದು. ನಾಲ್ಕನೆಯವರೂ ಇದ್ದಾರೆ. ಹೋಗಿ ಬನ್ನಿ ಎಂದರೆ ಸಾಕು, ಇವಳಿಗೆ ಕಾಲೇಜಿನವರು ಎಷ್ಟು ಕೊಡುತ್ತಾರೋ ಎಂಬ ನೋಟ ಬೀರುತ್ತಾರೆ. ಕಮಿಷನ್ ಮಾತಾಡಲು ಒಬ್ಬರು ಬಂದಿದ್ದು ನಿಜ. ಚಹಾ ಕುಡಿಸಿ ಕಳಿಸಿದೆ. ಚಹಾದ ದುಡ್ಡು ನನ್ನದೇ.

ಗೊಂದಲ ಹುಟ್ಟುವುದು ಎಲ್ಲಿ ಎಂದು ಹೇಳಿಬಿಡುತ್ತೇನೆ. ಸಿಇಟಿ ನಡೆಸುವ ಪರೀಕ್ಷಾ ಪ್ರಾಧಿಕಾರದಿಂದ ಸೀಟು ಸಿಕ್ಕಿ, ಶುಲ್ಕ ಕಟ್ಟಿ, ಪ್ರವೇಶ ಆದೇಶವನ್ನು ಇಳಿಸಿಕೊಂಡರೆ, ಅದರಲ್ಲಿ ಇಂಥ ದಿನಾಂಕದೊಳಗೆ ಕಾಲೇಜಿಗೆ ಹೋಗಿ ವರದಿ ಮಾಡಿಕೊಳ್ಳಬೇಕು ಎಂದಿರುತ್ತದೆ. ಅದು ತಪ್ಪಿದರೆ ಸೀಟಿಗೆ ನಿಜಕ್ಕೂ ಸಂಚಕಾರ. ತರಗತಿ ಶುರುವಾದ ಮೇಲಿನ ಪರಿಚಯದ ದಿನಗಳೂ ಬೇರೆಯೇ. ತಾಂತ್ರಿಕ ಶಿಕ್ಷಣ ಪರಿಷತ್ತು ಇಂಜಿನಿಯರಿಂಗ್ ಮಕ್ಕಳಿಗೆ ಮೂರು ವಾರಗಳ ಇಂಡಕ್ಷನ್ ರೂಪಿಸಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗ 2019ರಲ್ಲಿ 'ದೀಕ್ಷಾರಂಭ' ಎಂಬ ಹೆಸರಿನಲ್ಲಿ ಮಾರ್ಗದರ್ಶಿಯನ್ನೇ ಹೊರಡಿಸಿತು. ಇವು ಓದಿನ ಭಾಗ, ತಪ್ಪಿಸಬಾರದು. ಆದರೆ ಬಣ್ಣದ ಕರೆಯೋಲೆಯ ಶನಿವಾರ ಈ ಎರಡೂ ಅಲ್ಲ. ಅದು ಆಮಂತ್ರಣ ಮಾತ್ರ. ಆಮಂತ್ರಣಕ್ಕೆ ಹೋಗದಿದ್ದರೆ ಯಾರೂ ಸೀಟು ಕಿತ್ತುಕೊಳ್ಳುವುದಿಲ್ಲ.

ಹಾಗಾದರೆ ಹೋಗುವುದೇಕೆ? ನನ್ನ ಲೆಕ್ಕ ಸರಳ. ಮನಸ್ಸು ಬದಲಿಸಲು ಇನ್ನೂ ಅವಕಾಶವಿದ್ದರೆ ಹೋಗಿ, ಮೈಯೆಲ್ಲ ಕಣ್ಣಾಗಿ ನೋಡಿ. ಅವಕಾಶ ಮುಗಿದಿದ್ದರೆ ಬಸ್ಸಿನ ದುಡ್ಡು ಉಳಿಸಿ. ನಾಲ್ಕು ವರ್ಷ ಹೇಗೂ ನೋಡುವುದಿದೆ. ಅಮೆರಿಕದ ಕಾಲೇಜುಗಳಲ್ಲಿ ಇಂಥ ದಿನಗಳನ್ನು ಹೆಚ್ಚಾಗಿ ಏಪ್ರಿಲ್‌ನಲ್ಲಿ ನಡೆಸುತ್ತಾರೆ. ಅಲ್ಲಿ ಮಕ್ಕಳು ಯಾವ ಕಾಲೇಜು ಎಂದು ತಿಳಿಸಲು ರೂಢಿಯ ಗಡುವು ಮೇ 1. ಅಂದರೆ ಮೊದಲು ತೋರಿಸಿ, ಆಮೇಲೆ ಒಪ್ಪಿಗೆ ಕೇಳುತ್ತಾರೆ. ನಮ್ಮಲ್ಲಿ ಬಹಳಷ್ಟು ಕಡೆ ಮೊದಲು ಹಣ, ಆಮೇಲೆ ದರ್ಶನ. ನಿಶ್ಚಿತಾರ್ಥ ಮುಗಿಸಿ, ಛತ್ರಕ್ಕೆ ಮುಂಗಡ ಕೊಟ್ಟು, ಆಮೇಲೆ ಹುಡುಗನನ್ನು ನೋಡಲು ಹೊರಟ ಹಾಗೆ. ನೋಡಿ ಬಂದವರು ಚೆನ್ನಾಗಿದ್ದಾನೆ ಎನ್ನದೆ ಇನ್ನೇನು ಹೇಳಿಯಾರು?

ಈ ಲೆಕ್ಕವನ್ನು ನನಗೆ ಕಲಿಸಿದವರು ಹುಲೇಕಲ್ ಕಡೆಯ ಒಬ್ಬ ಹೆಗಡೆಯವರು. ಹೆಗಡೆಯವರು ಎಂದರೆ ನಮ್ಮ ತಾಲೂಕಿನಲ್ಲಿ ಯಾರ ಹೆಸರು ಹೇಳಿದಂತೆಯೂ ಆಗುವುದಿಲ್ಲ, ಆದ್ದರಿಂದ ಧೈರ್ಯವಾಗಿ ಬರೆಯುತ್ತಿದ್ದೇನೆ. ಅವರ ಮಗಳಿಗೆ ಘಟ್ಟದ ಕೆಳಗಿನ ಒಂದು ಖಾಸಗಿ ಇಂಜಿನಿಯರಿಂಗ್ ಕಾಲೇಜು ತನ್ನ ಪಾಲಿನಲ್ಲೇ, ಅಂದರೆ ಆಡಳಿತ ಮಂಡಳಿಯ ಕೋಟಾದಲ್ಲಿ, ಸೀಟು ಕೊಟ್ಟಿತ್ತು. ನೋಂದಣಿಯ ಹಣ ಮಾತ್ರ ಹೋಗಿತ್ತು. ಪೂರ್ತಿ ಶುಲ್ಕಕ್ಕೆ ಇನ್ನೂ ದಿನವಿತ್ತು. ಇತ್ತ ಯಾವ ಸೀಟು ಸಿಗಬಹುದೆಂದು ಮೊದಲೇ ತೋರಿಸುವ ಸಿಇಟಿಯ ಅಣಕು ಹಂಚಿಕೆ ಮುಗಿದು, ತಮಗೆ ಬೇಕಾದ ಕಾಲೇಜುಗಳ ಆಯ್ಕೆಯ ಪಟ್ಟಿಯನ್ನು ತಿದ್ದಲು ಅವಕಾಶ ಕೊಟ್ಟಿದ್ದರು. ಅಷ್ಟರಲ್ಲಿ ಶನಿವಾರದ ಕರೆಯೋಲೆ.

ಹೆಗಡೆಯವರ ತೊಂದರೆ ಬೇರೆಯೇ ಇತ್ತು. ಅಡಿಕೆಗೆ ಎರಡನೆಯ ಸಲದ ಮದ್ದು ಹೊಡೆಯುವ ಹೊತ್ತು. ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಹೊರಗಿನವರಿಗೆ ಹೇಳುತ್ತೇನೆ. ಮಳೆಗಾಲದಲ್ಲಿ ಕೊಳೆರೋಗ ಬಾರದಂತೆ ಮೈಲುತುತ್ತ ಮತ್ತು ಸುಣ್ಣವನ್ನು ನೀರಿನಲ್ಲಿ ಕದಡಿ, ನೂರು ಲೀಟರಿಗೆ ಒಂದೊಂದು ಕಿಲೋದಂತೆ, ಬೋರ್ಡೋ ದ್ರಾವಣ ಮಾಡಿ ಕೊನೆಗಳಿಗೆ, ಅಂದರೆ ಅಡಿಕೆ ಗೊನೆಗಳಿಗೆ, ಹೊಡೆಯುತ್ತಾರೆ. ಮಳೆ ಹಿಡಿಯುವ ಮೊದಲು ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ. ಮಳೆ ಹೊಳವಾಗಬೇಕು, ಅದೇ ದಿನ ಮರ ಹತ್ತುವ ಕೊನೆಗೌಡನೂ ಸಿಗಬೇಕು. ಎರಡೂ ಕೂಡಿಬರುವುದು ಮದುವೆಯ ಮುಹೂರ್ತಕ್ಕಿಂತ ಕಷ್ಟ. ಅವನು ಕೊಟ್ಟ ದಿನ ಸರಿಯಾಗಿ ಆ ಶನಿವಾರವೇ. "ತಂಗೀ, ಹೋಗದಿದ್ದರೆ ಸೀಟು ಹೋಗುತ್ತದೆಯೇ? ಹೋದರೆ ತೋಟ ಹೋಗುತ್ತದೆ" ಎಂದರು ಹೆಗಡೆಯವರು. ಇಷ್ಟು ವರ್ಷಗಳಲ್ಲಿ ಈ ಪ್ರಶ್ನೆಯನ್ನು ನ್ಯಾಯವಾಗಿ ಕೇಳಿದವರು ಅವರೊಬ್ಬರೇ ಇರಬೇಕು.

ಸೀಟು ಹೋಗುವುದಿಲ್ಲ ಎಂದೆ. ಹಿಂದೆ ನಿಂತಿದ್ದ ಮಗಳು ಅಷ್ಟರವರೆಗೆ ಬಾಯಿ ಬಿಟ್ಟಿರಲಿಲ್ಲ. "ಆಗ ನೋಡದೆಯೇ ದುಡ್ಡು ಕಟ್ಟುವುದಾ ಅಪ್ಪಯ್ಯ?" ಎಂದಳು. ಹೆಗಡೆಯವರು ನನ್ನ ಮುಖ ನೋಡಿದರು. ನಾನು ಪ್ರಿಂಟರಿನ ಮುಖ ನೋಡಿದೆ.

ತೋಟವನ್ನು ತಮ್ಮನಿಗೆ ಒಪ್ಪಿಸಿ ಅವರು ಹೋದರು. ಮುಂದಿನದು ಮಗಳ ಬಾಯಿಂದ ಕೇಳಿದ್ದು. ಬೆಳಿಗ್ಗೆ ದೀಪ ಬೆಳಗುವುದು, ಭಾಷಣ, ಆಕಾಶದಿಂದ ಡ್ರೋನ್ ಹಿಡಿದ ಕಾಲೇಜಿನ ಚಿತ್ರ, ಕಳೆದ ವರ್ಷ ಅತಿ ಹೆಚ್ಚು ಸಂಬಳ ಸಿಕ್ಕ ಹುಡುಗನ ಫೋಟೋ. ಅತಿ ಕಡಿಮೆ ಸಿಕ್ಕವನ ಫೋಟೋವನ್ನು ಯಾವ ಕಾಲೇಜೂ ಹಾಕುವುದಿಲ್ಲ ಬಿಡಿ. ಆಮೇಲೆ ಹಾಸ್ಟೆಲ್ ದರ್ಶನ. ನೆಲಮಹಡಿಯಲ್ಲಿ ಒಂದು ಕೋಣೆ: ಹೊಸ ಚಾದರ, ಮೇಜಿನ ಮೇಲೆ ಹೂದಾನಿ, ಕಿಟಕಿಗೆ ಪರದೆ. ಎಲ್ಲರೂ ಫೋಟೋ ತೆಗೆದುಕೊಂಡರು. ಕೊನೆಗೆ ಸಭಾಂಗಣದಲ್ಲಿ ಪಾಲಕರಿಗೆ ಪ್ರಶ್ನೆ ಕೇಳಲು ಅವಕಾಶ. ಒಬ್ಬರು ಕೃತಕ ಬುದ್ಧಿಮತ್ತೆಯ ಬಗ್ಗೆ ಕೇಳಿದರು, ಇನ್ನೊಬ್ಬರು ವಿದೇಶಿ ವಿಶ್ವವಿದ್ಯಾಲಯಗಳ ಒಪ್ಪಂದದ ಬಗ್ಗೆ. ಹೆಗಡೆಯವರು ಎದ್ದು ನಿಂತು, "ಮಳೆಗಾಲದಲ್ಲಿ ಮಕ್ಕಳು ಬಟ್ಟೆ ಒಣಗಿಸುವುದು ಎಲ್ಲಿ?" ಎಂದು ಕೇಳಿದರು.

ಸಭೆಯೆಲ್ಲ ನಕ್ಕಿತು. ಮಗಳಿಗೆ ನೆಲಕ್ಕಿಳಿಯುವಷ್ಟು ನಾಚಿಕೆಯಾಯಿತಂತೆ. ವೇದಿಕೆಯ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಉತ್ತರ ಯಾರಲ್ಲೂ ಇರಲಿಲ್ಲ. ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆಯಲ್ಲಿ ಇದಕ್ಕಿಂತ ದೊಡ್ಡ ಪ್ರಶ್ನೆ ಯಾವುದಿದೆ? ಒಲೆಯ ಮೇಲಿನ ಅಟ್ಟದಲ್ಲಿ ಬಟ್ಟೆ ಹರವಿ ಬೆಳೆದವರು ನಾವು. ಕಾರ್ಯಕ್ರಮ ಮುಗಿದ ಮೇಲೆ ಹಾಸ್ಟೆಲಿನ ವಾರ್ಡನ್ ಹೆಗಡೆಯವರನ್ನು ಹುಡುಕಿಕೊಂಡು ಬಂದು, "ಬನ್ನಿ, ಮೇಲೆ ತೋರಿಸುತ್ತೇನೆ" ಎಂದು ಮೂರನೆಯ ಮಹಡಿಗೆ ಕರೆದೊಯ್ದರಂತೆ. ಅಲ್ಲಿ ಹೂದಾನಿ ಇರಲಿಲ್ಲ. ಒಂದು ಕೋಣೆಗೆ ಮೂವರು, ಕಿಟಕಿಯ ಸರಳಿನಿಂದ ಸರಳಿಗೆ ಹಗ್ಗ, ಹಗ್ಗದ ತುಂಬ ಒದ್ದೆ ಚೂಡಿದಾರ, ಮುಗ್ಗಲು ವಾಸನೆ. ಅಲ್ಲಿದ್ದ ಎರಡನೆಯ ವರ್ಷದ ಹುಡುಗಿಯರು ಮಗಳೊಂದಿಗೆ ಒಂದು ಗಂಟೆ ಮಾತಾಡಿದರು. ಯಾವ ವಿಷಯಕ್ಕೆ ಮೇಷ್ಟರಿಲ್ಲ, ಯಾವ ವಿಷಯಕ್ಕೆ ಒಳ್ಳೆಯವರಿದ್ದಾರೆ, ಗ್ರಂಥಾಲಯ ರಾತ್ರಿ ಎಷ್ಟರವರೆಗೆ ತೆರೆದಿರುತ್ತದೆ, ಜ್ವರ ಬಂದರೆ ಯಾರು ಕರೆದುಕೊಂಡು ಹೋಗುತ್ತಾರೆ, ಎಲ್ಲವನ್ನೂ ಹೇಳಿದರು.

ತಮಾಷೆಯೆಂದರೆ, ಅಪ್ಪನಿಗೆ ಆ ಹಗ್ಗ ನೋಡಿ ಕಾಲೇಜು ಬೇಡವೆನಿಸಿತು, ಮಗಳಿಗೆ ಆ ಹುಡುಗಿಯರನ್ನು ನೋಡಿ ಬೇಕೆನಿಸಿತು. ಸೋಮವಾರ ಅವಳೊಬ್ಬಳೇ ಅಂಗಡಿಗೆ ಬಂದು, "ಅಕ್ಕ, ಪಟ್ಟಿಯಲ್ಲಿ ಈ ಕಾಲೇಜನ್ನು ಎಲ್ಲಕ್ಕಿಂತ ಮೇಲೆ ಹಾಕಿ" ಎಂದಳು. ಅದೇ ಕಾಲೇಜಿನಲ್ಲಿ ಸರ್ಕಾರಿ ಕೋಟಾದ ಸೀಟುಗಳೂ ಇದ್ದವು. ಅಲ್ಲಿಂದ ಸಿಕ್ಕರೆ ಶುಲ್ಕ ಬಹಳ ಕಡಿಮೆ. ಸಿಕ್ಕಿತು. ಶಾಖೆ ಮಾತ್ರ ಬೇರೆ.

ಆ ಶನಿವಾರ ಸಾರ್ಥಕವಾದದ್ದು ಊಟದಿಂದಲ್ಲ, ಪಟ್ಟಿ ಇನ್ನೂ ತಿದ್ದಬಹುದಾಗಿತ್ತು ಎಂಬುದರಿಂದ. ಆದ್ದರಿಂದ ನನ್ನನ್ನು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ, ಅದನ್ನು ಯಾರೂ ಕೇಳುವುದಿಲ್ಲ: ಹೋಗಿ ನೋಡಿ ಮನಸ್ಸಿಗೆ ಬಾರದಿದ್ದರೆ ಕಟ್ಟಿದ ಹಣ ವಾಪಸ್ಸು ಬರುತ್ತದೆಯೇ?

ಕೇಳದಿದ್ದರೂ ಹೇಳುತ್ತೇನೆ. ಅನುದಾನ ಆಯೋಗದ 2018ರ ಅಕ್ಟೋಬರ್‌ನ ಅಧಿಸೂಚನೆಯ ಪ್ರಕಾರ, ಪ್ರವೇಶದ ಅಧಿಕೃತ ಕೊನೆಯ ದಿನಕ್ಕಿಂತ 15 ದಿನ ಅಥವಾ ಅದಕ್ಕೂ ಮೊದಲೇ ಸೀಟು ಬಿಟ್ಟರೆ ಪೂರ್ತಿ ಶುಲ್ಕ ಹಿಂದಿರುಗಿಸಬೇಕು. ಕಚೇರಿ ಖರ್ಚೆಂದು ಶೇಕಡಾ 5ರಷ್ಟು, ಅದೂ 5,000 ರೂಪಾಯಿ ಮೀರದಂತೆ, ಹಿಡಿದುಕೊಳ್ಳಬಹುದು. ಕೊನೆಯ ದಿನಕ್ಕೆ 15 ದಿನಕ್ಕಿಂತ ಕಡಿಮೆ ಉಳಿದಿದ್ದರೆ ಶೇಕಡಾ 90. ಕೊನೆಯ ದಿನ ದಾಟಿ 15 ದಿನದೊಳಗಾದರೆ 80, ತಿಂಗಳೊಳಗಾದರೆ 50, ಅದರಾಚೆ ಸೊನ್ನೆ. ಕೆಲವು ವರ್ಷ ಆಯೋಗ ಇದಕ್ಕಿಂತ ಉದಾರವಾದ ದಿನಾಂಕಗಳನ್ನೂ ಪ್ರಕಟಿಸಿದೆ, ಆ ವರ್ಷದ ಪ್ರಕಟಣೆ ನೋಡಿಕೊಳ್ಳಬೇಕು. ಮೂಲ ಅಂಕಪಟ್ಟಿಗಳನ್ನು ಪರಿಶೀಲಿಸಿ ಅಲ್ಲೇ ಹಿಂದಿರುಗಿಸಬೇಕು, ಇಟ್ಟುಕೊಳ್ಳುವಂತಿಲ್ಲ ಎಂದೂ ಅದೇ ಅಧಿಸೂಚನೆ ಹೇಳುತ್ತದೆ. "ಅಂಕಪಟ್ಟಿ ನಮ್ಮ ಕಪಾಟಿನಲ್ಲಿ ಭದ್ರವಾಗಿರುತ್ತದೆ" ಎಂದು ಯಾರಾದರೂ ನಕ್ಕು ಹೇಳಿದರೆ ನೀವೂ ನಕ್ಕು ವಾಪಸ್ಸು ಕೇಳಿ. ನಿಯಮವಿದೆ ಎಂದ ಮಾತ್ರಕ್ಕೆ ಹಣ ತಾನಾಗಿ ನಡೆದು ಬರುವುದಿಲ್ಲ. ಅರ್ಜಿಯನ್ನು ಬರಹದಲ್ಲಿ ಕೊಟ್ಟು, ದಿನಾಂಕವಿರುವ ಸ್ವೀಕೃತಿ ಪಡೆಯಬೇಕು. ಬಾಯಿಮಾತಿನಲ್ಲಿ ಬಿಡುತ್ತೇವೆ ಎಂದು ಹೇಳಿ ಬಂದವರ ಕಥೆಗಳು ನನ್ನ ಬಳಿ ಬೇಕಾದಷ್ಟಿವೆ.

ಆದ್ದರಿಂದ ಶನಿವಾರದ ಟಿಕೆಟ್ ತೆಗೆಯುವ ಮೊದಲು ಕ್ಯಾಲೆಂಡರ್ ತೆಗೆಯಿರಿ. ಹಣ ಹಿಂದಿರುಗುವ ದಿನಾಂಕ ಕಾರ್ಯಕ್ರಮದ ನಂತರ ಇದೆಯೋ ಮೊದಲೇ ಮುಗಿಯುತ್ತದೆಯೋ ನೋಡಿ. ಮುಗಿದಿದ್ದರೆ ಮದ್ದು ಹೊಡೆಯುವುದೇ ಲೇಸು.

ಯಾರು ಹೋಗಬೇಕು ಎಂಬ ಉಪಪ್ರಶ್ನೆಗೂ ಇಲ್ಲೇ ಉತ್ತರಿಸುತ್ತೇನೆ. ಇಡೀ ಬಳಗ ಕಾರು ಮಾಡಿಕೊಂಡು ಹೋಗಿ ಮುರ್ಡೇಶ್ವರ ನೋಡಿ ಬರುವುದು ಪ್ರವಾಸ. ಅದರ ಬಗ್ಗೆ ನನ್ನನ್ನು ಕೇಳಬೇಡಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಿದೆ. ಹುಬ್ಬಳ್ಳಿ, ಧಾರವಾಡದ ಕಡೆಯ ಕಾಲೇಜಾದರೆ ಅಮ್ಮನೂ ಮಗಳೂ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ಖರ್ಚಿಲ್ಲದೆ ಹೋಗಿ ಬರಬಹುದು. ಆದರೂ ಅಪ್ಪನೇ ಹೊರಡುವುದು, ಟಿಕೆಟ್ ಕೊಟ್ಟು. ಕಾರವಾರ, ಅಂಕೋಲಾ, ಕುಮಟಾದವರಿಗೆ ಕೊಂಕಣ ರೈಲಿದೆ, ಉಡುಪಿ ಮಂಗಳೂರು ಸಲೀಸು. ಶಿರಸಿಯವರಿಗೆ ರೈಲಿಲ್ಲ, ದೇವಿಮನೆ ಘಟ್ಟದ ರಸ್ತೆ ತೆರೆದಿದೆಯೋ ಇಲ್ಲವೋ ಎಂದು ವಿಚಾರಿಸಿಕೊಂಡೇ ಹೊರಡಬೇಕು. ಹೋದ ದಿನವೇ ಮನೆಗೆ ಮರಳಲು ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂಬುದೂ ಕಾಲೇಜಿನ ಬಗ್ಗೆ ಬಹಳಷ್ಟು ಹೇಳುತ್ತದೆ, ಮಕ್ಕಳು ಹಬ್ಬಕ್ಕೆ ಬರುವುದೂ ಅದೇ ಬಸ್ಸಿನಲ್ಲಿ.

ಅಂಗಡಿ ಖಾಲಿಯಾಗುವವರೆಗೆ ಬಾಗಿಲಲ್ಲಿ ಕಾದು, ಆಮೇಲೆ ಒಳಗೆ ಬಂದು ಕೇಳುವ ಹುಡುಗರೂ ಇದ್ದಾರೆ: "ಅಕ್ಕ, ಅಪ್ಪಯ್ಯನನ್ನು ಕರೆದುಕೊಂಡು ಹೋಗಲೇಬೇಕೇ?"

ಬೇಕಾಗಿಲ್ಲ. ಗೆಳೆಯನೊಬ್ಬನನ್ನು ಕರೆದುಕೊಂಡು ನೀನೇ ಹೋಗು. ಬಸ್ಸಿನ ದುಡ್ಡು ಅಪ್ಪಯ್ಯನದೇ ಆದ್ದರಿಂದ ಹೇಳಿ ಹೋಗು.