ಗೇಟ್‌ವೇ ಪಕ್ಕದ ಗೌಜಿಯಲ್ಲಿ ಹೇಗಿರ್ತೀರಿ?

ಊರಿಂದ ಬಂದವರೆಲ್ಲ ಇದನ್ನೇ ಕೇಳುತ್ತಾರೆ. ಹೋದ ವರ್ಷ ಕುಂದಾಪುರದಿಂದ ಚಿಕ್ಕಮ್ಮ ಬಂದಾಗಲೂ ಎರಡನೇ ದಿನವೇ ಕೇಳಿದರು: "ಮಾರಾಯ್ತಿ, ಈ ಗೌಜಿಯಲ್ಲಿ ನಿಂಗೆ ನಿದ್ದೆ ಹೇಗೆ ಬರ್ತದೆ?"

ನಮ್ಮ ಮನೆ ಮುಂಬೈಯ ಕೊಲಾಬಾ ಕಾಸ್‌ವೇ ಅನ್ನುವ ಅಂಗಡಿ ಬೀದಿಯ ಹಿಂದಿನ ಗಲ್ಲಿಯಲ್ಲಿದೆ. ಗೇಟ್‌ವೇ ಆಫ್ ಇಂಡಿಯಾಕ್ಕೆ ಏಳೆಂಟು ನಿಮಿಷದ ನಡಿಗೆ. ಮದುವೆಯಾಗಿ ಇಲ್ಲಿಗೆ ಬಂದು ಇಪ್ಪತ್ತೆರಡು ವರ್ಷವಾಯಿತು.

ನಿದ್ದೆ ಬರುತ್ತದೆ. ಜನರ ಸದ್ದು ರೂಢಿಯಾಗುತ್ತದೆ. ರೂಢಿಯಾಗದ್ದು ಹಾರ್ನ್. ವಾಸದ ಪ್ರದೇಶಗಳಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದು 45 ಡೆಸಿಬಲ್ ದಾಟಬಾರದು, ತುರ್ತು ಇಲ್ಲದೆ ಹಾರ್ನ್ ಹೊಡೆಯಬಾರದು ಅಂತ ನಿಯಮವೇ ಇದೆ. ಅದನ್ನು ಪಾಲಿಸುವ ಡ್ರೈವರ್‌ನನ್ನು ನಾನು ಕಂಡದ್ದು ಕಡಿಮೆ.

ಆದರೆ ನನಗೆ ಅದಕ್ಕಿಂತ ಜಾಸ್ತಿ ಸಂಕಟ ಫುಟ್‌ಪಾತಿನದು. ಅತ್ತೆಗೆ ಈಗ ಎಪ್ಪತ್ತೆಂಟು, ಕೋಲು ಹಿಡಿದು ನಡೆಯುತ್ತಾರೆ. ಒಂದು ಬದಿಗೆ ಅಂಗಡಿಗಳು, ಇನ್ನೊಂದು ಬದಿಗೆ ಕಿವಿಯೋಲೆ, ಚಪ್ಪಲಿ, ಹಿತ್ತಾಳೆ ಸಾಮಾನಿನ ಸ್ಟಾಲ್‌ಗಳು. ನಡುವಿನ ಜಾಗದಲ್ಲಿ ಎದುರು ಯಾರಾದರೂ ಬಂದರೆ ಒಬ್ಬರು ಓರೆಯಾಗಿ ನಿಲ್ಲಬೇಕು. ಅತ್ತೆಗೆ ಅದು ಆಗುವುದಿಲ್ಲ, ರಸ್ತೆಗೆ ಇಳಿಯುತ್ತಾರೆ. ಒಂದು ಮಳೆಗಾಲದಲ್ಲಿ ಹಾಗೆ ಇಳಿಯುವಾಗಲೇ ಜಾರಿ ಬಿದ್ದು ಮಣಿಕಟ್ಟು ಮುರಿಯಿತು. ಅಲ್ಲಿಂದ ಅವರ ಔಷಧಿ, ಬ್ಯಾಂಕು ಎಲ್ಲ ಸೋಮವಾರ ಬೆಳಿಗ್ಗೆಯೇ. ಸೋಮವಾರ ಎಲಿಫೆಂಟಾ ಗುಹೆಗಳಿಗೆ ರಜೆ, ಅಲ್ಲಿಗೆ ಹೋಗಲು ಗೇಟ್‌ವೇಯಲ್ಲಿ ದೋಣಿ ಹತ್ತಲು ಬರುವವರು ಕಡಿಮೆ.

ಹಾಗಂತ ಸ್ಟಾಲಿನವರನ್ನು ಎಬ್ಬಿಸಿ ಅಂತ ನಾನು ಯಾವತ್ತೂ ಹೇಳುವುದಿಲ್ಲ. ಅತ್ತೆ ಬಿದ್ದಾಗ ಎತ್ತಿ ಸ್ಟೂಲಿನ ಮೇಲೆ ಕೂರಿಸಿ ನನಗೆ ಫೋನ್ ಮಾಡಿದ್ದು ಬಳೆ ಮಾರುವ ಹುಡುಗ. ಮಗಳು ಕ್ಲಾಸ್ ಮುಗಿಸಿ ರಾತ್ರಿ ಒಂಬತ್ತೂವರೆಗೆ ಒಬ್ಬಳೇ ನಡೆದು ಬರುತ್ತಾಳೆ. ದಾರಿಯುದ್ದಕ್ಕೂ ಅವಳ ಹೆಸರು ಗೊತ್ತಿರುವವರು ಇದ್ದಾರೆ. ಇಂಥ ಧೈರ್ಯ ಖಾಲಿ ರಸ್ತೆಯಲ್ಲಿ ಎಲ್ಲಿ ಸಿಗುತ್ತದೆ? ಬೀದಿ ವ್ಯಾಪಾರಿಗಳನ್ನು ಎಣಿಸಿ, ಜಾಗ ಗುರುತಿಸಿ ಕೊಡಬೇಕು ಅಂತ 2014ರ ಕಾನೂನು ಹೇಳುತ್ತದೆ. ಅದನ್ನು ಸರಿಯಾಗಿ ಮಾಡಲಿ. ಒಂದು ಗಾಲಿಕುರ್ಚಿ ಹೋಗುವಷ್ಟು ದಾರಿ ಬಿಟ್ಟು ಗೆರೆ ಎಳೆಯಲಿ. ನಮಗೂ ಆಯಿತು, ಅವರಿಗೂ ಆಯಿತು, ಅಲ್ವಾ?

"ಮಾರಿ ಬೇರೆ ಕಡೆ ಹೋಗಬಾರದಾ?" ಅಂತಲೂ ಕೇಳುತ್ತಾರೆ. ನಮ್ಮದು ಪಗಡಿ ಮನೆ, ಅಂದರೆ ಮೊದಲೇ ದೊಡ್ಡ ಮೊತ್ತ ಕೊಟ್ಟು ಕಡಿಮೆ ಬಾಡಿಗೆಗೆ ಹಿಡಿದದ್ದು; ನಾವು ಮಾರುವುದು ಆ ಬಾಡಿಗೆ ಹಕ್ಕನ್ನು ಮಾತ್ರ. ಮಾಲೀಕರ ಪಾಲು ಕೊಟ್ಟು ಉಳಿದ ದುಡ್ಡಿಗೆ ಹತ್ತಿರದಲ್ಲಿ ಏನೂ ಸಿಗುವುದಿಲ್ಲ. ಸಿಕ್ಕಿದರೂ ನಾನು ಹೊರಡುವುದು ಕಷ್ಟ, ಇಲ್ಲಿಯ ಬೆಳಗಿನ ಹೊತ್ತು ಅಂಥದ್ದು. ಆರು ಗಂಟೆಗೆ ಸ್ಟಾಲ್‌ಗಳು ಇನ್ನೂ ನೀಲಿ ಪ್ಲಾಸ್ಟಿಕ್ ಹೊದ್ದು ಮಲಗಿರುತ್ತವೆ. ಮೀನಿನ ದೋಣಿಗಳು ಬರುವ ಸಸೂನ್ ಡಾಕ್ ಕಡೆಯಿಂದ ಮೀನಿನ ವಾಸನೆ ಬರುತ್ತದೆ. ಅತ್ತೆ ನನ್ನ ಕೈ ಬಿಟ್ಟು, ಖಾಲಿ ರಸ್ತೆಯಲ್ಲಿ ನಿಧಾನವಾಗಿ ಸಮುದ್ರದ ಕಟ್ಟೆಯವರೆಗೆ ನಡೆಯುತ್ತಾರೆ.

ಮೂರನೇ ದಿನ ಚಿಕ್ಕಮ್ಮನೂ ಜೊತೆಗೆ ಬಂದರು. ಕಟ್ಟೆಯ ಮೇಲೆ ಅತ್ತೆಯ ಪಕ್ಕ ಕೂತು ದೋಣಿಗಳನ್ನು ತುಂಬ ಹೊತ್ತು ನೋಡಿದರು. ವಾಪಸ್ ಬರುವಾಗ ಕೇಳಿದ್ದು, "ನಾಳೆ ಎಷ್ಟೊತ್ತಿಗೆ ಏಳ್ಬೇಕು?"